ಸೊಟ್ಟ ರಸ್ತೆಯ ಕಡೆ ಬಾಗಿಲು

ಗೋಕಾಕದ ನಗರ ಯೋಜನಾ ಕಚೇರಿಗೆ ನಾನು ಸ್ನಾತಕೋತ್ತರ ಪದವಿ ಹಿಡಿದು ಬಂದವಳು. ಅವನು ಬಂದದ್ದು ನಕ್ಷೆಗಳನ್ನು ನೋಡಿ ಗೆರೆ ಎಳೆಯುವ ಟ್ರೇಸರ್ ಆಗಿ. ಒಂದೊಂದೇ ಪರೀಕ್ಷೆ ಪಾಸು ಮಾಡುತ್ತ, ಕೊನೆಗೆ ನನ್ನ ಪಕ್ಕದ ಕುರ್ಚಿಯಲ್ಲೇ ಬಂದು ಕೂತ. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

ಊರುಗಳು ಹೊಲಗಳ ಕಡೆ ಬೆಳೆಯುತ್ತಿದ್ದ ಕಾಲ. ಹುಕ್ಕೇರಿಯ ಹೊರಗಿನ ಬಡಾವಣೆಯ ನಕ್ಷೆ ನನಗೆ ಬಂತು, ಮೂಡಲಗಿಯದು ಅವನಿಗೆ. ನನ್ನದರಲ್ಲಿ ರಸ್ತೆಗಳೆಲ್ಲ ನೆಟ್ಟಗೆ, ನಡುವೆ ಚೌಕ ಪಾರ್ಕು. ಅವನದರಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಅಗಲವಾದ ಸೊಟ್ಟ ರಸ್ತೆ. ಸ್ಕೇಲು ಕಳೆದುಹೋಗಿತ್ತೇನು ಎಂದು ಮೀಟಿಂಗಿನಲ್ಲಿ ಎಲ್ಲರೆದುರು ಕೇಳಿಬಿಟ್ಟೆ. ಎಲ್ಲರೂ ನಕ್ಕರು. ಅವನಿಗೆ ಸಿಟ್ಟೂ ಬರಲಿಲ್ಲ.

"ಕುರಿ ಹೋಗೂ ದಾರಿ ಐತ್ರಿ ಮೇಡಂ. ಕುರುಬರ ಜೋಡಿ ನಡದು ನೋಡೇನಿ. ನಾವು ಸೈಟ್ ಮಾಡಿದ್ರೂ ಅವು ಹಿಂಗ ಬರ್ತಾವ್ರಿ."

ಫೈಲಿನಲ್ಲಿ 'ರಸ್ತೆ ನೇರಗೊಳಿಸಬೇಕು' ಎಂದು ಬರೆದೆ. ಮೇಲಿನವರು ಅದನ್ನು ಬದಿಗಿಟ್ಟು ಅವನ ನಕ್ಷೆಯನ್ನೇ ಪಾಸು ಮಾಡಿದರು. ಆ ದಿನ ಊಟ ಸೇರಲಿಲ್ಲ.

ಮನೆಗಳೆದ್ದ ಮೇಲೆ, ಏನಾದರೂ ತಪ್ಪು ಸಿಕ್ಕೀತೆಂದು ಒಂದು ಭಾನುವಾರ ಮೂಡಲಗಿಗೆ ಹೋದೆ. ಕುರಿ ಬರುವುದು ವರ್ಷಕ್ಕೆ ನಾಲ್ಕು ದಿನ. ಉಳಿದ ದಿನ ಆ ಸೊಟ್ಟ ರಸ್ತೆಯ ಬೇವಿನ ಮರಗಳ ಕೆಳಗೆ ಬಡಾವಣೆಯೇ ಬಂದು ಕೂರುತ್ತಿತ್ತು. ಹುಕ್ಕೇರಿಯ ನನ್ನ ಪಾರ್ಕಿನಲ್ಲಿ ಜಲ್ಲಿ ಗುಡ್ಡೆ ಬಿದ್ದಿತ್ತು, ಒಂದು ನರಪಿಳ್ಳೆಯೂ ಕೂರುತ್ತಿರಲಿಲ್ಲ. ಇಲ್ಲಿ ಬೇವಿನ ಕಟ್ಟೆಯ ಮೇಲಿದ್ದ ಅಜ್ಜಿಯೊಬ್ಬಳು ಸರಿದು ಜಾಗ ಮಾಡಿಕೊಟ್ಟಳು.

"ಬಾ ಯವ್ವಾ, ಕುಂಡ್ರು. ಯಾವ ಪುಣ್ಯಾತ್ಮ ಈ ದಾರಿ ಬಿಟ್ಟಾನೋ, ಗಾಳಿ ಛಲೋ ಬರತೈತಿ."

ಯಾರೋ ಗೊತ್ತಿಲ್ಲ ಎಂದೆ.

ನಮ್ಮದೇ ಮನೆ ಕಟ್ಟಿಸುವ ಹೊತ್ತಿಗೆ ಹುಕ್ಕೇರಿಯ ಸೈಟುಗಳನ್ನು ಯಜಮಾನರಿಗೆ ಮೂರು ಸಲ ತೋರಿಸಿದೆ. ಅವರೇನೋ ಒಪ್ಪಿದರು, ನನ್ನ ಮನಸ್ಸೇ ಒಪ್ಪಲಿಲ್ಲ. ಮೂಡಲಗಿಯಲ್ಲಿ ಅವರ ಹೆಸರಿನಲ್ಲಿ ಸೈಟು ಕೊಂಡೆವು, ಅವನಿಗೆ ತಿಳಿಯದಿರಲಿ ಎಂದು. ಆದರೆ ಮನೆಯ ನಕ್ಷೆ ನಾನೇ ಬರೆದದ್ದು, ಮಂಜೂರಾತಿಗೆ ಹೋದದ್ದು ಅವನ ಟೇಬಲ್ಲಿಗೆ. ನನ್ನ ಅಕ್ಷರ ಅವನಿಗೆ ಗುರುತು ಸಿಗದೇ ಇರುತ್ತದೆಯೇ? ಕರೆದು ಕೂರಿಸಿ ಚಹಾ ತರಿಸಿದ. ಸೈಟಿನ ಮುಂದೆ ನೆಟ್ಟಗಿನ ರಸ್ತೆಯಿತ್ತು, ಹಿಂದೆ ಸೊಟ್ಟ ರಸ್ತೆ.

"ನೆಟ್ಟಗಿನ ರಸ್ತಾ ಬಿಟ್ಟು ಬಾಗಲಾ ಈ ಕಡೆ ಯಾಕ ಇಟ್ರಿ ಮೇಡಂ?"

ಕುಹಕವಲ್ಲ, ತಿಳಿಯದೇ ಕೇಳಿದ. ವಾಸ್ತು ಎಂದು ಬಂದವರನ್ನೆಲ್ಲ ಸರ್ವಿಸಿನುದ್ದಕ್ಕೂ ಬೈದು ಕಳಿಸಿದವಳು ನಾನು.

"ವಾಸ್ತು ಹಂಗ ಬಂದೈತ್ರಿ" ಎಂದೆ.

ಹೌದೇನ್ರಿ ಎಂದು ತಲೆಯಾಡಿಸಿ ಸಹಿ ಹಾಕಿದ. ಒಂದೇ ಒಂದು ತಪ್ಪನ್ನೂ ತೋರಿಸಲಿಲ್ಲ, ಹಾಳಾದವನು.