ಕುರಿಗಳ ಪಾಲಿನ ಉಪ್ಪು

ಎಪ್ಪತ್ತು ದಾಟಿದ ಹೆಂಗಸು ಹೇಳಿಕೊಳ್ಳುವ ಮಾತಲ್ಲ, ಆದರೂ ಹೇಳುತ್ತೇನೆ: ನಾನು ಕುರಿಗಳ ಉಪ್ಪನ್ನು ಕದ್ದು ತಿಂದವಳು. ಮೂರು ಥರದ ಮಾತ್ರೆ ನುಂಗಿದರೂ ಬಿಪಿ ಇಳಿಯದಿದ್ದಾಗ ಶಿರಾದ ಡಾಕ್ಟರು, "ಹಿಂಗೇ ಆದ್ರೆ ಲಕ್ವ ಹೊಡೀತದೆ, ಉಪ್ಪು ಬುಟ್ಬುಡಿ" ಎಂದರು. ಸೊಸೆ ರತ್ನಮ್ಮ ಅಂದೇ ಉಪ್ಪಿನ ಜಾಡಿಯನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದಳು. ದೊಡ್ಡಿಯಲ್ಲಿ ಕುರಿಗಳಿಗೆಂದು ತಂದ ಕಲ್ಲುಪ್ಪಿನ ಮೂಟೆ ಬಾಯಿ ತೆರೆದುಕೊಂಡು ಕೂತಿರುವುದು ಅವಳಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೂ ಕೆಲವು ವಿಷಯಗಳಲ್ಲಿ ಬುದ್ಧಿ ಚುರುಕೇ.

ಕುರಿ ಚೌಳು ಮಣ್ಣು ನೆಕ್ಕಿದರೆ ನಾವು ಬಯ್ಯುವುದಿಲ್ಲ. "ಮೈ ಕೇಳ್ತದೆ" ಎಂದು ಉಪ್ಪು ತಂದಿಡುತ್ತೇವೆ. ಮನುಷ್ಯರ ಮೈ ಕೇಳಿದರೆ ಮಾತ್ರ ಅದಕ್ಕೆ ಬಾಯಿಚಪಲ ಎಂಬ ಹೆಸರು. ನಾನೂ ನನ್ನನ್ನು ಹಾಗೆಯೇ ಬಯ್ದುಕೊಳ್ಳುತ್ತಿದ್ದೆ. ಬಯ್ದುಕೊಂಡು ಇನ್ನೊಂದು ಹರಳು ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಹಿಡಿದವಳು ಮೊಮ್ಮಗಳು ಚೈತ್ರ. ಮೈಸೂರಿನಲ್ಲಿ ಇಲಿಗಳನ್ನಿಟ್ಟುಕೊಂಡು ಸಂಶೋಧನೆ ಮಾಡುವವಳು, ರಜಕ್ಕೆ ಬಂದಿದ್ದಳು. ಇಲಿ ಸಾಕಲು ಅಷ್ಟು ಓದಬೇಕೇ ಎಂದು ನಾನೇ ಆಡಿಕೊಂಡಿದ್ದುಂಟು.

"ಅಜ್ಜಿ, ಬಾಯಲ್ಲೇನು?"

"ಅಡಿಕೆ ಕಣಮ್ಮ."

"ಅಡಿಕೆ ಹಾಕ್ಕೊಳ್ಳೋರು ಉಪ್ಪಿನ ಮೂಟೇಲಿ ಯಾಕೆ ಕೈಯಾಡಿಸ್ತಾರೆ?"

ಬಯ್ಯುತ್ತಾಳೆ ಎಂದುಕೊಂಡೆ. ಅವಳು ಪಕ್ಕದಲ್ಲೇ ಕೂತು ಇಲಿಗಳ ಕಥೆ ಹೇಳಿದಳು. ಒಂದೊಂದು ಗೂಡಿಗೂ ಎರಡು ಬಾಟಲಿಯಂತೆ, ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪುನೀರು. ಮೂತ್ರಪಿಂಡದ ಮೇಲೊಂದು ಪುಟ್ಟ ಗ್ರಂಥಿ ಇದೆಯಂತೆ. ಉಪ್ಪು ಹಿಡಿದಿಟ್ಟುಕೋ ಎಂದು ಮೈಗೆ ಹೇಳುವ ಹಾರ್ಮೋನು ಹುಟ್ಟುವುದು ಅಲ್ಲಿ. ಅಂಥದ್ದನ್ನು ಇಲಿಗೆ ಹೆಚ್ಚಾಗಿ ಕೊಟ್ಟರೆ ಅದು ಉಪ್ಪುನೀರಿಗೇ ಮೂತಿ ಹಚ್ಚುತ್ತದಂತೆ, ಕುಡಿದಷ್ಟೂ ಬಿಪಿ ಏರುತ್ತದಂತೆ.

"ಹಂಗಾದ್ರೆ ತಪ್ಪು ಇಲೀದಲ್ಲ!" ಎಂದೆ, ಕೋರ್ಟಿನಲ್ಲಿ ಗೆದ್ದವಳ ಹಾಗೆ.

"ತಪ್ಪು ಅದರದ್ದಲ್ಲ ಕಣಜ್ಜಿ. ಬಿಪಿ ಮಾತ್ರ ಅದರದ್ದೇ. ನಿಂಗೂ ಹಂಗೇ ಇರ್ಬೋದು, ರಕ್ತ ತೋರ್ಸೋಣ ನಡಿ."

ತುಮಕೂರಿಗೆ ಕರೆದುಕೊಂಡು ಹೋದಳು. ಅದೇ ಹಾರ್ಮೋನು ನನ್ನಲ್ಲಿ ಉಕ್ಕುತ್ತಿತ್ತು. ಅದನ್ನು ತಡೆಯುವ ಬೇರೆ ಮಾತ್ರೆ ಬಂತು. ಎರಡು ತಿಂಗಳಲ್ಲಿ ಬಿಪಿ ಇಳಿಯಿತು, ಸೋಲುತ್ತಿದ್ದ ಕಾಲು ಗಟ್ಟಿಯಾಯಿತು. ನನ್ನ ಮೊಮ್ಮಗಳು ಕಂಡುಹಿಡಿದಿದ್ದು ಎಂದು ಬಸ್ಸಿನ ಕಂಡಕ್ಟರಿಗೂ ಹೇಳಿದ್ದೇನೆ. ಆತ ಪಾಪ, ಚೀಟಿ ಕೊಟ್ಟು ಕೇಳಿಸಿಕೊಂಡ. ಆ ಇಲಿಗಳನ್ನು ನೆನೆದರೆ ಮಾತ್ರ ಮನಸ್ಸು ಹಿಂಡುತ್ತದೆ. ನನಗೆ ತಾನಾಗಿ ಬಂದ ರೋಗವನ್ನು ಅವಕ್ಕೆ ಬೇಕೆಂದೇ ತರಿಸುತ್ತಾರೆ. ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಲು ಅವಕ್ಕೆ ಮೊಮ್ಮಗಳೂ ಇಲ್ಲ.

ಹೋದ ವಾರ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟವಳು, "ರತ್ನ, ಸಾರು ಉಪ್ಪಾಗೈತಲ್ಲೇ" ಎಂದೆ.

ಸೌಟು ಹಿಡಿದವಳು ನನ್ನತ್ತ ತಿರುಗಿದಳು. "ಉಪ್ಪಾ? ಡಾಕ್ಟ್ರು ಹೇಳಿದಾಗಿಂದ ಅರ್ಧ ಹಾಕ್ತಿವ್ನಿ ಕಣತ್ತೆ! ಇಪ್ಪತ್ತೈದು ವರ್ಷ ಸಪ್ಪೆ, ಸಪ್ಪೆ ಅಂತ ಮೂತಿ ತಿರುವ್ದೋರು ನೀವೇನಾ?"

ಮನೆಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅಷ್ಟು ವರ್ಷ ಸುಳ್ಳು ಸಾಕ್ಷಿ ಹೇಳಿದ್ದು ನನ್ನ ನಾಲಿಗೆ, ಶಿಕ್ಷೆ ಅನುಭವಿಸಿದವಳು ಅವಳು. ತಪ್ಪಾಯಿತು ಎನ್ನಲು ನಮ್ಮ ಕಾಲದ ಅತ್ತೆಯರಿಗೆ ಬಾಯಿ ಬರುವುದಿಲ್ಲ.

"ಇನ್ನೊಂದ್ಸೌಟು ಬುಡಮ್ಮ" ಎಂದು ತಟ್ಟೆ ಮುಂದೆ ಚಾಚಿದೆ.