ಪಾತ್ರ ಮಾತಾಡಿದ್ದು

ನನ್ನ ಗಂಡನ ಸೋದರಮಾವನನ್ನು ನಾನು ಕ್ಷಮಿಸಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ ಎಂದು ಕಾಯುವವರು ಇಲ್ಲಿಗೇ ನಿಲ್ಲಿಸಬಹುದು.

ನಾನೂ ಗಂಡನೂ ಇರುವುದು ದಹಿಸರ್‌ನಲ್ಲಿ, ನನ್ನ ಕೆಲಸ ಪವಾಯಿಯಲ್ಲಿ. ಅವನದೂ ಅಲ್ಲೇ ಇತ್ತು. ಕಂಪನಿ ಅವನ ವಿಭಾಗವನ್ನೇ ಮುಚ್ಚಿತು. ಅಂದಿನಿಂದ ಬೆಳಿಗ್ಗೆ ಅವನು ದೋಸೆ ಹುಯ್ಯುತ್ತಾನೆ, ನಾನು ಡಬ್ಬಿ ಹಿಡಿದು ಲೋಕಲ್ ರೈಲಿಗೆ ಓಡುತ್ತೇನೆ. ಅವನು ಮಾಡುವ ಬಂಗುಡೆ ಮೀನಿನ ಗಸಿ ನನ್ನದಕ್ಕಿಂತ ಮೇಲು. ನನ್ನದು ಎಂಬುದೊಂದು ಇಲ್ಲವೇ ಇಲ್ಲ, ಅದು ಬೇರೆ ಮಾತು. ಹೊಸ ಕೆಲಸ ಸಿಕ್ಕಮೇಲೆ ಉಡುಪಿಯಲ್ಲಿರುವ ಅತ್ತೆಗೆ ಹೇಳೋಣ, ಸುಮ್ಮನೆ ಹೆದರುತ್ತಾರೆ ಎಂದುಕೊಂಡಿದ್ದೆವು. ಗೊತ್ತಿದ್ದದ್ದು ಈ ಸೋದರಮಾವನಿಗೆ ಮಾತ್ರ. ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದವರು, ಅಳಿಯ ಮಾಡಿದ ಗಸಿಯನ್ನು ಎರಡು ಸಲ ಹಾಕಿಸಿಕೊಂಡು, "ನನ್ನ ಬಾಯಿಂದ ಹೊರಗೆ ಹೋಗ್ಲಿಕ್ಕಿಲ್ಲ ಅಳಿಯಾ" ಎಂದು ಕೈ ತೊಳೆದರು.

ಗಂಡನ ಹವ್ಯಾಸ ಮದ್ದಳೆ. ನನ್ನದು ವಾದ. ಕಾಲೇಜಿನ ಡಿಬೇಟ್ ತಂಡದಲ್ಲಿ ಯಾವ ಪಕ್ಷ ಕೊಟ್ಟರೂ ವಾದಿಸುವುದನ್ನು ಕಲಿತೆ. ಮೊದಲು ಸಿಟ್ಟಾದವರು ಸೋತರು ಎಂಬುದನ್ನೂ. ದೇವರು, ಮುಹೂರ್ತ, ಹಿರಿಯರ ಮಾತು ಯಾವುದನ್ನೂ ಸಾಕ್ಷಿ ಇಲ್ಲದೆ ಒಪ್ಪುವವಳಲ್ಲ. ಆದರೂ ಭಾನುವಾರ ಅವನ ಜೊತೆ ತಾಳಮದ್ದಳೆಗೆ ಹೋಗುತ್ತಿದ್ದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರ ವಹಿಸಿದವರು ಕೂತಲ್ಲೇ ಅದಕ್ಕೆ ಅರ್ಥ ಹೇಳುತ್ತಾ ಒಬ್ಬರನ್ನೊಬ್ಬರು ಮಾತಿನಲ್ಲಿ ಕೆಡವುತ್ತಾರೆ. ನನಗೆ ಇದಕ್ಕಿಂತ ಬೇರೆ ಮನರಂಜನೆ ಬೇಕೇ? ಮನೆಯಲ್ಲಿ ತುಳು, ಆಫೀಸಲ್ಲಿ ಇಂಗ್ಲಿಷ್, ರಿಕ್ಷಾದಲ್ಲಿ ಹಿಂದಿ. ಕನ್ನಡ ನಮಗೆ ಭಾನುವಾರದ ಭಾಷೆ.

ಆ ಭಾನುವಾರ ಮಾವ ಅರಸನ ಪಾತ್ರದಲ್ಲಿದ್ದರು. ಅರ್ಥ ಹೇಳುತ್ತಾ ಹೇಳುತ್ತಾ ಮಂತ್ರಿಯ ಕಡೆ ತಿರುಗಿದರು. "ಎಂಥ ಕಾಲ ಬಂತು ಮಂತ್ರೀ! ಗಂಡಸು ಒಲೆ ಊದುತ್ತಾನೆ, ಹೆಂಡತಿ ಬುತ್ತಿ ಕಟ್ಟಿಕೊಂಡು ದುಡಿಯಲು ಹೋಗುತ್ತಾಳೆ. ಅಂಥವನ ಕೈಯಲ್ಲಿ ನಾದ ಎಲ್ಲಿಂದ ಬರಬೇಕು?" ಕತ್ತು ಹೊರಳಿಸಿ, "ಅಲ್ಲವೇ ಮದ್ದಳೆಯವರೇ?"

ಸಭೆ ನಕ್ಕಿತು. ನನ್ನ ಗಂಡ ತಲೆ ತಗ್ಗಿಸಿ ಮುಂದಿನ ಪದ್ಯಕ್ಕೆ ಬಾರಿಸಿದ.

ಚಹಾದ ಹೊತ್ತಿಗೆ ನಾನು ಮಾವನನ್ನು ಅಡ್ಡಗಟ್ಟಿದೆ. "ಮಾವ, ಮಾತು ಕೊಟ್ಟಿದ್ರಿ."

"ನಾನೆಂತ ಮಾಡಿದೆ ಮಾರಾಯ್ತಿ? ಪಾತ್ರ ಮಾತಾಡಿದ್ದು. ಅರ್ಥದಲ್ಲಿ ಆಡಿದ್ದನ್ನು ಮನೆಗೆ ತರಬಾರ್ದು. ನಿಮ್ಮ ಡಿಬೇಟಲ್ಲಿ ಅಷ್ಟೂ ಕಲಿಸುದಿಲ್ವಾ?"

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಉಡುಪಿ ಮುಟ್ಟಿತ್ತು. "ಊರಿಗೆಲ್ಲ ಗೊತ್ತುಂಟು, ನಂಗೆ ಮಾತ್ರ ಇಲ್ವಾ ಮಗಾ?" ಎಂದು ಅತ್ತೆ ಫೋನಿನಲ್ಲಿ ಅತ್ತರು. ಅವನು ಮದ್ದಳೆಗೆ ಬೆಡ್‌ಶೀಟ್ ಸುತ್ತಿ ಕಪಾಟಿನ ಮೇಲಿಟ್ಟ. "ಇನ್ನು ಆ ಜನರ ಎದುರು ಕೂರ್ಲಿಕ್ಕೆ ನನ್ನಿಂದಾಗುದಿಲ್ಲ" ಎಂದ. ಸಂಜೆ ಅವನು ಅಭ್ಯಾಸ ಮಾಡುತ್ತಿದ್ದ ಹೊತ್ತಿಗೆ ಪಕ್ಕದ ಮನೆಯ ಕುಕ್ಕರ್ ಸೀಟಿ ನಮಗೆ ಕೇಳತೊಡಗಿತು. ನನಗೆ ಬೇಕಾದದ್ದು ಒಂದೇ: ಅವನು ಅದೇ ಸಭೆಯಲ್ಲಿ, ಅದೇ ಮಾವನ ಎದುರು, ತಲೆ ಎತ್ತಿ ಬಾರಿಸಬೇಕು. ಇನ್ನೊಂದೂ ಬೇಕಿತ್ತು, ಮಾವ ತಲೆ ತಗ್ಗಿಸಬೇಕು.

ಪಾತ್ರಕ್ಕೆ ಶಿಕ್ಷೆ ಇಲ್ಲ ಎಂಬ ನಿಯಮ ಅವರದು. ಒಪ್ಪಿದೆ. ಭಾಗವತರ ಬಳಿ ಹೋಗಿ ಒಂದು ಸಣ್ಣ ಪಾತ್ರ ಕೇಳಿದೆ. ದೂತನದು ಸಿಕ್ಕಿತು: ಬಂದು ಸುದ್ದಿ ಹೇಳಿ ಹೋಗುವುದು, ಅಷ್ಟೆ.

ಮದ್ದುಗುಂಡು ಒದಗಿಸಿದವರು ಮಾವನ ಹೆಂಡತಿ, ಮಾಮಿ. ಮಾವನ ಮುಂಗೈ ತುಂಬ ಹಳೆಯ ಕಲೆಗಳು. ಪರೇಲ್‌ನ ಮಿಲ್ ಗಲಾಟೆಯಲ್ಲಿ ಜಗಳ ಬಿಡಿಸಲು ಹೋಗಿ ಆದದ್ದು ಎಂದು ನನ್ನ ಗಂಡ ಕೇಳಿ ಬೆಳೆದ ಕತೆ. ಮಾಮಿ ಮೀನು ಕೊಯ್ಯುತ್ತಾ ಉಗಿದರು: "ಎಂತ ಗಲಾಟೆ! ಮಿಲ್ ಕ್ಯಾಂಟೀನಿನಲ್ಲಿ ಗೋಳಿಬಜೆ ಬಿಡುವಾಗ ಎಣ್ಣೆ ಹಾರಿದ್ದು. ಇವರು ಆ ಕ್ಯಾಂಟೀನಿಗೆ ಮ್ಯಾನೇಜರ್ ಆದದ್ದು ಎಷ್ಟೋ ವರ್ಷದ ಮೇಲೆ."

"ಮಾಮೀ, ಸಭೆಯಲ್ಲಿ ಹೇಳಲಾ?"

"ಹೇಳು. ನಾನು ಎದುರು ಸಾಲಿನಲ್ಲೇ ಕೂರ್ತೇನೆ."

ಗಂಡನನ್ನು ಹೊರಡಿಸುವುದೇ ಕಷ್ಟವಾಯಿತು. "ನೀನು ಎಂತದೋ ಮಾಡ್ಲಿಕ್ಕೆ ಹೊರಟಿದ್ದಿ. ಮಾವ ಹಿರಿಯರು ಮಾರಾಯ್ತಿ."

"ಹಿರಿಯರು ಅನ್ನುವುದು ವಯಸ್ಸು. ವಾದ ಅಲ್ಲ. ಇದೊಂದು ಸಲ ಬಾ, ಆಮೇಲೆ ಬೇಕಾದರೆ ಮದ್ದಳೆ ಯಾರಿಗಾದರೂ ಕೊಟ್ಟುಬಿಡು." ಬಂದ.

"ದೂತಾ, ಪುರದ ವಾರ್ತೆ ಏನು?" ಅಂದೂ ಅರಸರಾಗಿದ್ದ ಮಾವ ಮೀಸೆಯ ಮೇಲೆ ಕೈಯಾಡಿಸಿದರು.

ಶತ್ರುಸೈನ್ಯ ಗಡಿಯಲ್ಲಿ ಬಿಡಾರ ಹೂಡಿದೆ ಎಂದು ನನ್ನ ಪಾಲಿನದನ್ನು ಹೇಳಿ ಮುಗಿಸಿದೆ. ಏಳಲಿಲ್ಲ. "ಅದಕ್ಕಿಂತ ದೊಡ್ಡ ಸುದ್ದಿ ಒಂದುಂಟು ಪ್ರಭು. ಒಲೆಯ ಮುಂದಿರುವವನ ಕೈಯಲ್ಲಿ ನಾದವಿಲ್ಲ ಎಂದು ತಾವು ಅಪ್ಪಣೆ ಕೊಡಿಸಿದಿರಂತೆ. ಕೇಳಿ ಪುರದ ಅಡುಗೆಯವರೆಲ್ಲ ಬೆಂಕಿ ಆರಿಸಿ ಕೂತಿದ್ದಾರೆ."

ಮಾವ ಖುಷಿಯಿಂದಲೇ ಬಲೆಗೆ ಬಿದ್ದರು. "ಸೌಟು ಹಿಡಿಯುವವರ ಮುನಿಸಿಗೆ ಅರಸ ಹೆದರುವುದುಂಟೇ?"

ಸಭೆ ನಗಲಿಲ್ಲ. ಕೂತವರಲ್ಲಿ ಮುಕ್ಕಾಲು ಪಾಲು ಹೋಟೆಲಿನವರು. ಈಗ ಗಲ್ಲಾದಲ್ಲಿ ಕೂರುವವರೂ ಒಂದು ಕಾಲಕ್ಕೆ ಸೌಟು ಹಿಡಿದವರೇ.

"ಹೆದರಬೇಡಿ ಪ್ರಭು. ಅವರದು ಒಂದೇ ಪ್ರಶ್ನೆ. ಅರಸರ ಮುಂಗೈಯ ಕಲೆಗಳು ಕತ್ತಿಯಿಂದ ಆದವೋ, ಗೋಳಿಬಜೆಯ ಬಾಣಲೆಯಿಂದ ಆದವೋ?"

ಮೊದಲು ನಕ್ಕದ್ದು ಮಾಮಿ. ಆಮೇಲೆ ಇಡೀ ಹಾಲ್. ಮಾವ ಶಾಲು ಎಳೆದು ಕೈ ಮುಚ್ಚಿಕೊಂಡರು. ಅವರನ್ನು ಉಳಿಸಲು ಭಾಗವತರು ಮುಂದಿನ ಪದ್ಯ ಎತ್ತಿದರು. ಮದ್ದಳೆ ಕೇಳಲಿಲ್ಲ. ನೋಡಿದರೆ ನನ್ನ ಗಂಡ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದಾನೆ.

"ಬಾರಿಸು ಮಾರಾಯ" ಎಂದರು ಭಾಗವತರು, ಮೆಲ್ಲಗೆ.

"ಅರಸರ ಉತ್ತರ ಬರಲಿ ಭಾಗವತರೇ" ಎಂದ, ಎಲ್ಲರಿಗೂ ಕೇಳುವಂತೆ.

"ಸಾಕು ಮಾಡೇ ಹುಡುಗಿ! ದೊಡ್ಡವರ ಹತ್ರ ಹೇಗೆ ಮಾತಾಡ್ಬೇಕು ಗೊತ್ತಿಲ್ವಾ?" ಮಾವ ಕಿರುಚಿದರು.

"ಹುಡುಗಿ ಯಾರು ಪ್ರಭು? ನಾನು ದೂತ."

ಪಾತ್ರ ಬಿಟ್ಟು ಕೆಳಗಿಳಿದವರು ಸೋತರು. ಅದೂ ಅವರದೇ ನಿಯಮ. ಮಾವನ ತಲೆ ಶಾಲಿನ ಅಂಚಿನ ಕಡೆ ಬಾಗಿತು. ಆಗ ಮದ್ದಳೆ ಎದ್ದಿತು. ಅವನು ಅಷ್ಟು ಗಟ್ಟಿಯಾಗಿ ಬಾರಿಸಿದ್ದನ್ನು ನಾನು ಕೇಳಿರಲಿಲ್ಲ.

ಮನೆಗೆ ಬಂದಾಗ ಅತ್ತೆಯ ಫೋನ್. "ನನ್ನ ತಮ್ಮನನ್ನು ಸಭೆಯಲ್ಲಿ ಹಾಗೆ ಮಾಡಿದ್ಯಂತೆ?"

"ಹೌದು ಅತ್ತೆ."

"ಅವ ಆ ಬಾಣಲೆ ಎದುರು ನಿಂತು ದುಡಿದದ್ದಕ್ಕೇ ನನ್ನ ಮದುವೆ ಆದದ್ದು. ಅದನ್ನು ಅವ ಯಾಕೆ ಮುಚ್ಚಿಡ್ಬೇಕು?"

ನನಗೆ ಹೊಟ್ಟೆ ಉರಿಯಿತು. ಇಷ್ಟು ಒಳ್ಳೆಯ ವಾದ ಇತ್ತು, ನನಗೆ ಸಿಕ್ಕಿರಲಿಲ್ಲ.

"ಅವನಿಗೆ ಕೊಡು ಫೋನ್" ಎಂದರು. ಅವನು ಈರುಳ್ಳಿ ಹೆಚ್ಚುತ್ತಲೇ ಸ್ಪೀಕರ್ ಹಾಕಿದ. "ಮುಂದಿನ ವಾರ ಹೋಗ್ತೀಯಾ ಮಗಾ?"

"ಹೋಗ್ತೇನಮ್ಮ."

"ಮಾವ ಅರ್ಥ ಹೇಳಿದ್ರೂ?"

ಅವನು ನನ್ನನ್ನು ನೋಡಿದ. ಬೇಡ ಎಂದು ನಾನು ತಲೆಯಾಡಿಸಿದೆ. "ಹೇಳಿದ್ರೂ ಬಾರಿಸ್ತೇನೆ" ಎಂದ.

ಅದು ಅವನ ತೀರ್ಮಾನ, ಮದ್ದಳೆ ಅವನದು. ನಾನು ಮಾತ್ರ ದೂತನ ಪಾತ್ರ ಬೇರೆಯವರಿಗೆ ಕೊಡಬೇಡಿ ಎಂದು ಆ ಸಂಜೆಯೇ ಭಾಗವತರಿಗೆ ಹೇಳಿಟ್ಟೆ.