ಫಹಾಹೀಲಿನಲ್ಲಿ ನನ್ನ ಸ್ಕಾಟ್ಲೆಂಡಿನ ಮಾವ

ನನ್ನ ಮಾವ ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ ಕುವೈತಿನಲ್ಲಿ ನನಗೆ ಇನ್ನೊಬ್ಬರು ಮಾವ ಬಂದರು. ಅವರು ಸ್ಕಾಟ್ಲೆಂಡಿನವರು.

ಫಹಾಹೀಲಿನ ಒಂದು ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಅವರು ಒಬ್ಬರೇ ಇದ್ದರು. ನಾನು ಮತ್ತು ನನ್ನ ಗಂಡ ಕೆಳಗಿನ ಒಂದು ಕೋಣೆಯಲ್ಲಿ. ಗಂಡನಿಗೆ ಮೀನಾ ಅಬ್ದುಲ್ಲಾದ ಎಣ್ಣೆ ಕಂಪೆನಿಯಲ್ಲಿ ಕ್ಯಾಂಟೀನಿನ ಅಡುಗೆ, ನನಗೆ ಈ ಸರ್ ಮನೆಯ ಅಡುಗೆ. ಅವರು ಒಂದು ಇಂಗ್ಲಿಷ್ ಶಾಲೆಯಲ್ಲಿ ಮಕ್ಕಳಿಗೆ ಬಾಯಿ ಬಿಟ್ಟು ಮಾತಾಡುವುದನ್ನು ಕಲಿಸುತ್ತಿದ್ದರು. ಅದಕ್ಕೂ ಸಂಬಳ ಕೊಡುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅದಕ್ಕೆ ಮೊದಲು ಅವರು ನಟ. ಅಪ್ಪನದು ಬಂದರಿನಲ್ಲಿ ಮೀನಿನ ವ್ಯಾಪಾರ. ಹುಡುಗನಾಗಿದ್ದಾಗ ನಾಟಕದ ಕಂಪೆನಿಯಲ್ಲಿ ಪರದೆ ಎಳೆಯುವ ಕೆಲಸಕ್ಕೆ ಸೇರಿದರಂತೆ. ಒಂದು ದಿನ ಪೋಲೀಸಿನ ವೇಷದವನಿಗೆ ಜ್ವರ ಬಂತು, ಅವನ ಅಂಗಿ ಇವರ ಮೈಗೆ ಸರಿಹೊಂದಿತು, ಹಾಗೆ ನಟರಾದರು. ಆಮೇಲೆ ಜೀವಮಾನವಿಡೀ ಸಣ್ಣ ವೇಷಗಳೇ. ಪೋಸ್ಟ್‌ಮಾಸ್ಟರ್, ಪಾದ್ರಿ, ಕುಡುಕ, ದೊಡ್ಡ ಮನೆಯಲ್ಲಿ ಬಾಗಿಲು ತೆರೆಯುವವನು. ಟಿವಿಯಲ್ಲೂ ಬಂದಿದ್ದರು, ಸಿನೆಮಾದಲ್ಲೂ. ದಾರಿಯಲ್ಲಿ ಜನ ನಿಲ್ಲಿಸಿ, "ನಿಮ್ಮನ್ನು ಎಲ್ಲೋ ನೋಡಿದ್ದೇನೆ, ನೀವು ಬ್ಯಾಂಕಿನವರಲ್ಲವೇ?" ಎಂದು ಕೇಳುತ್ತಿದ್ದರಂತೆ. ಇದನ್ನು ಹೇಳಿ ಅವರೇ ನಗುತ್ತಿದ್ದರು. ಅವರದು ಇಂಗ್ಲಿಷ್, ನನ್ನದು ಅಡುಗೆಮನೆಯ ಇಂಗ್ಲಿಷ್ ಮತ್ತು ಹಿಂದಿ. ಉಳಿದದ್ದನ್ನು ಅವರು ಅಭಿನಯಿಸಿ ತೋರಿಸುತ್ತಿದ್ದರು. ಹಾಗಾಗಿ ನನಗೆ ಅರ್ಥವಾಗದ್ದು ಕಡಿಮೆ.

ನನ್ನ ಗಂಡ ಊರಿನಲ್ಲಿ ಎರಡು ತುಳು ನಾಟಕಗಳಲ್ಲಿ ಹೀರೋ ಆಗಿದ್ದವರು. ಅವರಿಗೆ ಇದು ತಮಾಷೆ. "ಇಷ್ಟು ವರ್ಷ ಬಾಗಿಲು ತೆಗೆದದ್ದು ಮಾತ್ರವಾ? ನಮ್ಮಲ್ಲಾದರೆ ಅದಕ್ಕೆ ವೇಷ ಕಟ್ಟಿಸುವುದೇ ಇಲ್ಲ" ಎನ್ನುತ್ತಿದ್ದರು.

"ನೀವು ಹೀರೋ ಆಗಿ ಎಂತ ಕಡಿದು ಹಾಕಿದ್ದೀರಿ ಮಾರಾಯ್ರೆ? ಈಗ ಪರೋಟ ಲಟ್ಟಿಸುವುದಲ್ಲವಾ?" ಎಂದು ನಾನು ಕೇಳುತ್ತಿದ್ದೆ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಅಲ್ಲಿದ್ದ ನಮ್ಮ ಊರ ಕಡೆಯವರೆಲ್ಲ ಗಂಟುಮೂಟೆ ಕಟ್ಟಿ ಬಾಗ್ದಾದ್, ಜೋರ್ಡಾನ್ ದಾರಿ ಹಿಡಿದರು. ನಾವು ಹೋಗಲಿಲ್ಲ. ಸರ್ ಅವರನ್ನು ಬಿಟ್ಟು ಹೋಗುವುದು ಹೇಗೆ ಎಂಬ ದೊಡ್ಡ ಮನಸ್ಸಿನಿಂದ ಅಲ್ಲ. ನಮ್ಮ ಪಾಸ್‌ಪೋರ್ಟ್ ನಮಗೆ ವೀಸಾ ಕೊಟ್ಟ ಯಜಮಾನ ಕಫೀಲನ ಕಪಾಟಿನಲ್ಲಿತ್ತು, ಕಫೀಲ ಸೌದಿಗೆ ಓಡಿದ್ದ.

ಸೈನಿಕರು ಮನೆ ಮನೆ ಹುಡುಕಿ ಬಿಳಿಯರನ್ನು ಹಿಡಿದೊಯ್ಯತೊಡಗಿದರು. ಬಚ್ಚಿಟ್ಟವರಿಗೆ ಗುಂಡು ಎಂಬ ಮಾತೂ ಹಬ್ಬಿತು. ಸರ್ ಒಂದು ಚೀಲ ಹಿಡಿದು ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತರು. "ನಿಮಗೆ ಕಷ್ಟವಾದರೆ ಹೋಗುತ್ತೇನೆ" ಎಂದರು. ಹೋಗುವುದು ಎಲ್ಲಿಗೆ? "ಒಳಗೆ ಬನ್ನಿ, ಬಾಗಿಲು ಹಾಕಿ" ಎಂದೆ.

ನನ್ನ ಮಾವನೆಂದು ಹೇಳುವುದೆಂದು ನಿಶ್ಚಯವಾಯಿತು. ಕಡು ಚಹಾದ ನೀರು ಕುದಿಸಿ ತಣಿಸಿ ಮುಖಕ್ಕೆ, ಕೈಕಾಲಿಗೆ ಹಚ್ಚಿದೆವು. ಅದು ಅವರದೇ ಉಪಾಯ, ಬಣ್ಣದ ಪೆಟ್ಟಿಗೆ ಇಲ್ಲದಾಗ ಹಾಗೆ ಮಾಡುತ್ತಿದ್ದರಂತೆ. ಲುಂಗಿ, ಬನಿಯನ್, ತಲೆಗೊಂದು ಬೈರಾಸು, ನಮ್ಮ ಕಡೆಯ ಟವೆಲು. ಗಡ್ಡ ತಾನಾಗಿ ಬೆಳೆಯಿತು. ಕಣ್ಣು ಹಸಿರು, ಅದಕ್ಕೇನು ಮಾಡುವುದು? ಮಂದದೃಷ್ಟಿಯ ಮುದುಕನಂತೆ ಅರೆ ಮುಚ್ಚಿಕೊಂಡೇ ಇರುವುದೆಂದಾಯಿತು.

"ಮೂಗ ಅಂತ ಹೇಳುವಾ, ಬಾಯಿ ಬಿಟ್ಟರೆ ಸಿಕ್ಕಿಬೀಳ್ತಾರೆ" ಎಂದರು ನನ್ನ ಗಂಡ.

ಸರ್‌ಗೆ ಬೇಸರವಾಯಿತು. "ಇಷ್ಟು ವರ್ಷಕ್ಕೆ ಒಂದು ಮನೆ, ಮಗ, ಸೊಸೆ ಇರುವ ಪಾತ್ರ ಸಿಕ್ಕಿದೆ ಭಾಯಿ. ಇದರಲ್ಲೂ ಮಾತು ಕತ್ತರಿಸುತ್ತೀಯಾ?" ಎಂದರು.

ಆಮೇಲೆ ನನ್ನನ್ನು ಕೂರಿಸಿ ಪ್ರಶ್ನೆ ಶುರು ಮಾಡಿದರು. ಮಾವ ಏನು ಕೆಲಸ ಮಾಡುತ್ತಿದ್ದರು? ಹೇಗೆ ಕೂರುತ್ತಿದ್ದರು? ಯಾವ ಕಾಲು ನೋವು? ಸತ್ತವರ ಬಗ್ಗೆ ಒಳ್ಳೆಯದು ಹೇಳಬೇಕಂತೆ. ನನ್ನ ಮಾವನ ವಿಷಯದಲ್ಲಿ ಅದು ಕಷ್ಟ. ತಾಳೆಮರ ಹತ್ತುತ್ತಿದ್ದರು, ಇಳಿಸಿದ ಕಳ್ಳಿನಲ್ಲಿ ಅರ್ಧ ತಾವೇ ಕುಡಿಯುತ್ತಿದ್ದರು, ಮಿಕ್ಕ ಹೊತ್ತಿನಲ್ಲಿ ನನ್ನನ್ನು ಬೈಯುತ್ತಿದ್ದರು. ಅದನ್ನೇ ಹೇಳಿದೆ. ಮಂಚದಲ್ಲಿ ಒಂದು ಮೊಣಕಾಲು ಎತ್ತಿ ಕೂರುವುದು, ಬೈರಾಸಿನಿಂದ ಬೆನ್ನು ತಿಕ್ಕುವುದು, ಕೆಮ್ಮಿ ಕ್ಯಾಕರಿಸುವುದು, ಎಲ್ಲ ಮಾಡಿ ತೋರಿಸಿದೆ. ಬೈಗುಳವನ್ನೂ ಕಲಿಸಿದೆ. ವಾರದೊಳಗೆ ಆ ಕೆಮ್ಮು ಎಷ್ಟು ಸರಿಯಾಗಿ ಬಂತೆಂದರೆ, ಅದನ್ನು ಕೇಳಿ ನನ್ನ ಗಂಡ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ನನಗೆ ಹಳೆಯ ಸಿಟ್ಟೆಲ್ಲ ಮರಳಿ ಬಂತು.

ಒಂದೇ ವಿಷಯದಲ್ಲಿ ಅವರು ಮಾವನಾಗಲಿಲ್ಲ. ಚಹಾಕ್ಕೆ ಅವರಿಗೆ ಅವರದೇ ಕಪ್ ಸಾಸರ್ ಬೇಕು, ಸ್ಟೀಲ್ ಲೋಟದಲ್ಲಿ ಗಂಟಲಿಗೆ ಇಳಿಯುವುದಿಲ್ಲ. ನನಗೂ ನಾಲ್ಕು ಗಂಟೆಗೆ ಟ್ರೇಯಲ್ಲಿ ಚಹಾ ಕೊಂಡುಹೋಗುವ ರೂಢಿ ಕೈಗೆ ಹತ್ತಿತ್ತು.

ಸೈನಿಕರು ಬಂದದ್ದು ಸರಿಯಾಗಿ ಆ ಹೊತ್ತಿಗೆ. ಮೂವರಿದ್ದರು. ಊರಿನ ಹೀರೋ ಆದ ನನ್ನ ಗಂಡ ಬಾಗಿಲು ತೆಗೆದು ಗೋಡೆಗೆ ಅಂಟಿಕೊಂಡರು. ಮಂಚದಲ್ಲಿದ್ದ ಸರ್ ಅವರನ್ನು ತೋರಿಸಿ "ನನ್ನ ಬಾಬಾ, ಮರೀದ್" ಎಂದರು. ಮರೀದ್ ಎಂದರೆ ಕಾಯಿಲೆಯವ. ನಾನು ಒಳಗಿನ ಮೂಲೆಯಲ್ಲಿ ಸ್ಟೌವಿನ ಮುಂದೆ ಇದ್ದವಳು, ಗಾಬರಿಯಲ್ಲಿ ಕೈ ತನ್ನ ಪಾಡಿಗೆ ದಿನದ ಕೆಲಸ ಮಾಡಿತು. ಟ್ರೇ, ಕಪ್, ಸಾಸರ್, ಸಕ್ಕರೆ ಬೇರೆ, ಚಮಚ ಬೇರೆ. ತಂದು ಮಂಚದ ಮುಂದೆ ಸ್ವಲ್ಪ ಬಗ್ಗಿ, "ಟೀ, ಸರ್" ಎಂದೆ.

ಹೇಳಿದ ಮೇಲೆ ಏನು ಹೇಳಿದೆನೆಂದು ಗೊತ್ತಾಯಿತು. ಮೂವರಲ್ಲಿ ಹಿರಿಯವನು ಕಪ್ ನೋಡಿದ, ನನ್ನನ್ನು ನೋಡಿದ, ಮಂಚ ನೋಡಿದ. ಲುಂಗಿಯುಟ್ಟ ಮುದುಕನಿಗೆ ಇದೆಂಥ ಮರ್ಯಾದೆ?

ಮಂಚದಿಂದ ಒಂದು ಕೆಮ್ಮು ಬಂತು. ಆಮೇಲೆ ಒಂದು ಕೈ ಬಂದು ಟ್ರೇಗೆ ಹೊಡೆಯಿತು. ಚಹಾ ನನ್ನ ಸೀರೆಗೆ ಚೆಲ್ಲಿತು, ಸಾಸರ್ ಒಡೆಯಿತು.

"ಬೊಡ್ಚಿ! ಮಂಡೆ ಸಮ ಇಜ್ಜಾ ನಿಕ್ಕ್? ಪೋ ಅಂಚಿ!"

ಬೇಡ, ನಿನ್ನ ತಲೆ ಸರಿ ಇಲ್ಲವಾ, ಆಚೆ ಹೋಗು. ನಾನು ಕಲಿಸಿದ್ದೇ. ಆದರೆ ಹೊಡೆಯುವುದನ್ನು ನಾನು ಕಲಿಸಿರಲಿಲ್ಲ. ಬಿಸಿ ಚಹಾ ಸುಟ್ಟ ಉರಿಗೆ ನಾನೂ ಬಿಡಲಿಲ್ಲ. "ದೊಡ್ಡ ಸಾಹೇಬರು! ಕಪ್ಪಿನಲ್ಲಿ ಕೊಟ್ಟರೂ ಬೇಡ, ಲೋಟದಲ್ಲಿ ಕೊಟ್ಟರೂ ಬೇಡ! ಸರ್ ಅಂತೆ ಸರ್!" ಎಂದು ಹಿಂದಿಯಲ್ಲಿ, ಬಂದಷ್ಟು ಅರಬ್ಬಿಯಲ್ಲಿ, ತುಳುವಿನಲ್ಲಿ ಕೂಗಿದೆ. ಅವರು ಬೈರಾಸು ಬೀಸಿ ಎಸೆದರು.

ಹಿರಿಯ ಸೈನಿಕ ನಕ್ಕುಬಿಟ್ಟ. "ನನ್ನ ಅಪ್ಪನೂ ಹೀಗೇ, ನನ್ನ ಹೆಂಡತಿಗೆ" ಎಂದ. ಹೋದರು.

ಬಾಗಿಲು ಹಾಕಿದ ಮೇಲೆ ಸರ್ ಮೆಲ್ಲನೆ ಕೇಳಿದರು, "ಹೇಗಿತ್ತು?"

"ಸ್ವಲ್ಪ ಜಾಸ್ತಿ ಆಯಿತು" ಎಂದೆ. ಅವರಿಗೆ ಆ ದಿನವಿಡೀ ಮುಖ ಚಿಕ್ಕದು.

ಆದರೆ ಆ ಹಿರಿಯ ಸೈನಿಕ ಬಿಡಬೇಕಲ್ಲ. ಬಸ್ರಾದ ಕಡೆಯವನು, ನಮ್ಮ ಬೀದಿಯ ಮೂಲೆಯ ಚೆಕ್‌ಪೋಸ್ಟಿನಲ್ಲೇ ಅವನ ಕಾವಲು. ಎರಡು ದಿನ ಬಿಟ್ಟು ಬಾಬಾನ ಕೆಮ್ಮಿಗೆಂದು ಮಾತ್ರೆ ತಂದುಕೊಟ್ಟ. ಆಮೇಲೆ ಆಗಾಗ ಬಂದು, ಮಂಚದ ಪಕ್ಕ ಕುಳಿತು, ಬೈಸಿಕೊಂಡು, ನಕ್ಕು ಹೋಗುತ್ತಿದ್ದ. ಮನೆಯ ನೆನಪಾಗುತ್ತಿತ್ತೋ ಏನೋ. ಅವನ ಬೂಟಿನ ಸದ್ದು ಕೇಳಿದೊಡನೆ ಚಹಾದ ನೀರು ಹಚ್ಚುವ ಓಡಾಟ. ಸರ್ ಮಾತ್ರ ಖುಷಿಯಾಗಿದ್ದರು. ಒಬ್ಬನೇ ಪ್ರೇಕ್ಷಕ, ಆದರೆ ಪ್ರತಿ ಸಲವೂ ಬರುತ್ತಾನೆ, ಇಂಥವನು ತನಗೆ ಎಲ್ಲೂ ಸಿಕ್ಕಿರಲಿಲ್ಲ ಎನ್ನುತ್ತಿದ್ದರು.

ಚಳಿ ಶುರುವಾದಾಗ ಬಿಳಿಯರನ್ನೆಲ್ಲ ಬಿಡುತ್ತಾರೆಂದು ರೇಡಿಯೋದಲ್ಲಿ ಬಂತು. ಸರ್ ಗಡ್ಡ ಬೋಳಿಸಿದರು, ಲಿಂಬೆ ತಿಕ್ಕಿ ತಿಕ್ಕಿ ಮೈ ತೊಳೆದರು, ಸೂಟು ಹಾಕಿದರು. ಬಿಳಿಯರನ್ನು ಒಯ್ಯುವ ಬಸ್ಸು ನಿಲ್ಲುವುದು ಚೆಕ್‌ಪೋಸ್ಟಿನ ಆಚೆ. ಅವರಿಗೇನೋ ಬಿಡುಗಡೆ, ಆದರೆ ಬಚ್ಚಿಟ್ಟವರ ಗತಿ ಏನೆಂದು ರೇಡಿಯೋ ಹೇಳಿರಲಿಲ್ಲ. ಸೈನಿಕನಿಗೆ ಗುರುತು ಸಿಕ್ಕಿದರೆ ನಾನೂ ಗಂಡನೂ ಖಲಾಸ್. ಆದರೂ ಅವರ ಬೆನ್ನುನೋವಿಗೆ ಎರಡು ಚೀಲ ಹೊರಲಾಗದು, ಒಂದನ್ನು ಹಿಡಿದು ನಾನೇ ಹೋದೆ.

ಅವನೇ ಇದ್ದ. ಪಾಸ್‌ಪೋರ್ಟ್ ನೋಡಿದ, ಮುಖ ನೋಡಿದ, ಇನ್ನೊಮ್ಮೆ ನೋಡಿದ. ಹೋಗು ಎಂದು ಕೈ ಬೀಸಿದ. ಆಮೇಲೆ ನನ್ನ ಕಡೆ ತಿರುಗಿ, ಸರ್ ಪಕ್ಕದಲ್ಲೇ ನಿಂತಿರುವಾಗ, ಕೇಳಿದ.

"ಬಾಬಾ ಹೇಗಿದ್ದಾರೆ?"

"ಜೈನ್, ಜೈನ್" ಎಂದೆ. ಚೆನ್ನಾಗಿದ್ದಾರೆ.

"ಬೈಯುತ್ತಾರಾ?"

"ಬೆಳಗಿನಿಂದ ನಿಲ್ಲಿಸಿಲ್ಲ."

ಪಕ್ಕಕ್ಕೆ ನೋಡಿದರೆ ಸರ್ ಹೋಗದೆ ನಿಂತಿದ್ದಾರೆ. ಮುಖದಲ್ಲಿ ಬೆಳಕು. ಬಾಬಾನ ಬೈಗುಳಕ್ಕೆ ಬಾಯಿ ತೆರೆಯಲು ಹೊರಟಿದ್ದರೆಂದು ನಾನು ಇಂದಿಗೂ ಆಣೆ ಹಾಕಿ ಹೇಳುತ್ತೇನೆ. ನಟರನ್ನು ನಂಬಬಾರದು. ಚೀಲದಿಂದ ಅವರ ಸೊಂಟಕ್ಕೆ ತಿವಿದೆ. "ಯಲ್ಲಾ ಸರ್, ಹೊರಡಿ, ಬಸ್ಸು!"

ಬಸ್ಸಿನ ಕಿಟಕಿಯಿಂದ ತಲೆ ಹಾಕಿ ಪಿಸುಗುಟ್ಟಿದರು, "ಅವನಿಗೆ ಗೊತ್ತೇ ಆಗಲಿಲ್ಲ!"

"ತಲೆ ಒಳಗೆ ಹಾಕಿ" ಎಂದೆ. ಬಸ್ಸು ಹೋಯಿತು.

ಮರಳುವಾಗ ಸೈನಿಕ ಬಾಬಾನಿಗೆಂದು ಎರಡು ಕಿತ್ತಳೆ ಕೊಟ್ಟ. ಮನೆಗೆ ಬಂದು ನಾನೂ ಗಂಡನೂ ತಿಂದೆವು. ಹುಳಿ ಇತ್ತು.